ಮನೆಯೇ ಪರೀಕ್ಷಾ ಮಂದಿರವಾದಾಗ

ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ತಲೆಮಾರಿನವರ ಕಣ್ಣ ಮುಂದೆ ನಿಲ್ಲುವ ಚಿತ್ರ ಒಂದೇ: ಊರ ಹೈಸ್ಕೂಲಿನ ಉದ್ದನೆಯ ಕೋಣೆ, ಸಾಲುಸಾಲಾದ ಬೆಂಚುಗಳು, ಗೋಡೆಯ ಮೇಲಿನ ಗಡಿಯಾರ, ಕೈ ಹಿಂದೆ ಕಟ್ಟಿಕೊಂಡು ಅಡ್ಡಾಡುವ ಮೇಲ್ವಿಚಾರಕರು. ಮನೆಯು ಓದುವ ಸ್ಥಳ. ಪರೀಕ್ಷೆಯಾದರೋ ಹಿರಿಯರ ಪಾದ ಮುಟ್ಟಿ, ಹೊಸ್ತಿಲು ದಾಟಿ, ಹೋಗಿ ಬರೆಯತಕ್ಕದ್ದು. ಈ ಎರಡರ ನಡುವಣ ಹೊಸ್ತಿಲು ಇಂದು ಅಳಿಸಿಹೋಗಿದೆ ಎಂಬುದು ನಮಗೆ ಮನವರಿಕೆಯಾದದ್ದು ಬೆಳಗಾವಿಯ ಆಟೋ ನಗರದಲ್ಲಿ. ಅದೂ ನಮ್ಮ ಕೈಯಿಂದಲೇ ಘಟಿಸಿದ ಒಂದು ಅಚಾತುರ್ಯದಿಂದ. ಅದನ್ನು ಮುಚ್ಚಿಡದೆ ಇಲ್ಲಿ ನಿವೇದಿಸುತ್ತಿದ್ದೇವೆ. ನಮ್ಮ ಸಮಾಜದ ಮನೆಮನೆಗಳಲ್ಲಿ ಇಂಥ ಪರೀಕ್ಷೆಗೆ ಕುಳಿತುಕೊಳ್ಳುವ ಮಕ್ಕಳಿದ್ದಾರೆ. ನಾವು ಮಾಡಿದ ತಪ್ಪನ್ನು ಬೇರೆ ಹಿರಿಯರು ಮಾಡದಿರಲಿ ಎಂಬುದೇ ಈ ಲೇಖನದ ಉದ್ದೇಶ.

ಆಟೋ ನಗರವನ್ನು ಬಲ್ಲವರಿಗೆ ಅದರ ಸದ್ದೂ ಗೊತ್ತು. ಬೆಳಗಾದರೆ ತಗಡು ಬಡಿಯುವ ಸುತ್ತಿಗೆ, ವೆಲ್ಡಿಂಗಿನ ಚಟಪಟ, ಲೇತ್ ಯಂತ್ರದ ಗರಗರ, ದುರಸ್ತಿಗೆ ಬಂದ ಲಾರಿಗಳ ಹಾರ್ನು. ಕ್ರಿಕೆಟ್ ಕ್ರೀಡಾಂಗಣವೂ ಅಲ್ಲಿಯೇ ಇರುವುದರಿಂದ ಪಂದ್ಯವಿದ್ದ ದಿನ ಜನರ ಕೂಗು ಬೇರೆ. ನಮ್ಮ ತಮ್ಮನ ಮಗ ಅಲ್ಲಿ ಬಹುಕಾಲದಿಂದ ಗ್ಯಾರೇಜು ನಡೆಸುತ್ತಿದ್ದಾನೆ. ಕೆಳಗೆ ಗ್ಯಾರೇಜು, ಮೇಲೆ ಮನೆ. ಆತನ ಮಗಳು ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ದೂರದಲ್ಲಿರುವ ದೊಡ್ಡ ಗಣಕಯಂತ್ರಗಳನ್ನು ಬಾಡಿಗೆಗೆ ಪಡೆದು ವ್ಯವಹಾರ ನಡೆಸುವ ವಿದ್ಯೆಗೆ ಕ್ಲೌಡ್ ಕಂಪ್ಯೂಟಿಂಗ್ ಎಂದು ಹೆಸರು. ಆ ವಿದ್ಯೆಯಲ್ಲಿ ಆಕೆ ಒಂದು ಪ್ರಮಾಣಪತ್ರ ಪಡೆದರೆ ಮಾತ್ರ ಮೇಲಿನ ಹುದ್ದೆ ಎಂದು ಕಂಪನಿಯವರು ತಿಳಿಸಿದ್ದರು. ಇಂಥ ಅನೇಕ ಪರೀಕ್ಷೆಗಳ ಶುಲ್ಕ 100 ಡಾಲರಿಗೂ ಮಿಗಿಲು. ಆ ಹಣವನ್ನು ಆಕೆ ತನ್ನ ಸಂಬಳದಿಂದಲೇ ಕಟ್ಟಿದ್ದಳು.

ಶ್ರಾವಣದ ನಿಮಿತ್ತ ನಾವು ಆ ಮನೆಯಲ್ಲಿ ಕೆಲವು ದಿನ ತಂಗಿದ್ದೆವು. ಪರೀಕ್ಷೆಯ ದಿನ ಬೆಳಗ್ಗೆ ಆಕೆ, “ಅಜ್ಜಾರ, ಮಧ್ಯಾಹ್ನ ಮೂರಕ್ಕ ನಂದು ಪರೀಕ್ಷಾ ಐತ್ರಿ. ಒಳಗ ಯಾರೂ ಬರಬ್ಯಾಡ್ರಿ” ಎಂದು ತಿಳಿಸಿದ್ದಳು. ಗದ್ದಲ ಮಾಡಬಾರದು ಎಂಬುದಷ್ಟೇ ಆ ಮಾತಿನ ಅರ್ಥವೆಂದು ನಾವು ಭಾವಿಸಿದೆವು. ನಾಲ್ಕು ಗಂಟೆಯ ಸುಮಾರಿಗೆ ನಮ್ಮ ಪೂಜೆ ಮುಗಿಯಿತು. ಮಗು ಪರೀಕ್ಷೆಗೆ ಕುಳಿತಿದೆ, ವಿಭೂತಿ ಪ್ರಸಾದ ಕೊಟ್ಟು ಆಶೀರ್ವದಿಸಲು ಒಂದು ಗಳಿಗೆ ಸಾಕಲ್ಲವೇ ಎಂದುಕೊಂಡು ತಟ್ಟೆ ಹಿಡಿದು ಬಾಗಿಲು ನೂಕಿ ಒಳಹೊಕ್ಕೆವು. “ಜಯವಾಗಲಿ ಮಗಳೇ” ಎಂಬ ಮಾತು ಮುಗಿಯುವುದರೊಳಗೆ ಆಕೆಯ ಮುಖ ಬಿಳುಪೇರಿತು. ಕೆಲವೇ ಕ್ಷಣಗಳಲ್ಲಿ ಪರದೆಯ ಮೇಲಿನ ಪ್ರಶ್ನೆ ಮಾಯವಾಗಿ, ಪರೀಕ್ಷೆಯನ್ನು ಕೊನೆಗೊಳಿಸಲಾಗಿದೆ ಎಂಬ ಒಂದು ಸಾಲು ಮೂಡಿತು. ಕಟ್ಟಿದ ಹಣ ಹೋಯಿತು. ತಿಂಗಳುಗಟ್ಟಲೆ ಓದಿದ ಶ್ರಮ ಅಲ್ಲಿಗೇ ನಿಂತಿತು. ಆಕೆ ನಮಗೆ ಒಂದು ಕಠೋರ ಮಾತನ್ನೂ ಆಡಲಿಲ್ಲ. “ಇರಲಿ ಬಿಡ್ರಿ ಅಜ್ಜಾರ, ನಾನು ಬಿಡಿಸಿ ಹೇಳಬೇಕಿತ್ತು” ಎಂದು ತಟ್ಟೆಯಿಂದ ವಿಭೂತಿ ತೆಗೆದುಕೊಂಡು ಹಣೆಗೆ ಹಚ್ಚಿಕೊಂಡಳು. ಬೈದಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲ.

ಆ ರಾತ್ರಿ ಊಟವಾದ ಮೇಲೆ ಆಕೆಯನ್ನೇ ಗುರುವಾಗಿಸಿಕೊಂಡು ಈ ಪರೀಕ್ಷೆಯ ಕ್ರಮವನ್ನು ಕೇಳಿ ತಿಳಿದೆವು.

ಕಾಣದ ಮೇಲ್ವಿಚಾರಕ

ಇದನ್ನು ರಿಮೋಟ್ ಪ್ರಾಕ್ಟರಿಂಗ್ ಎನ್ನುತ್ತಾರೆ. ಎಂದರೆ ದೂರದಿಂದ ನಡೆಸುವ ಮೇಲ್ವಿಚಾರಣೆ. ಅಭ್ಯರ್ಥಿ ತನ್ನ ಮನೆಯಲ್ಲಿ, ತನ್ನದೇ ಗಣಕಯಂತ್ರದ ಮುಂದೆ ಕುಳಿತಿರುತ್ತಾನೆ. ಮೇಲ್ವಿಚಾರಕನು ಬೇರೊಂದು ನಗರದಲ್ಲಿಯೋ ಬೇರೊಂದು ದೇಶದಲ್ಲಿಯೋ ಕುಳಿತು ಕ್ಯಾಮೆರಾದ ಮೂಲಕ ಆತನನ್ನು ನೋಡುತ್ತಾನೆ, ಮೈಕಿನ ಮೂಲಕ ಆಲಿಸುತ್ತಾನೆ. ಒಬ್ಬ ಮೇಲ್ವಿಚಾರಕನ ಕಣ್ಣ ಮುಂದೆ ಏಕಕಾಲಕ್ಕೆ ಹಲವು ಅಭ್ಯರ್ಥಿಗಳಿರುವುದುಂಟು. ಕೆಲವು ಪರೀಕ್ಷೆಗಳಲ್ಲಿ ಮನುಷ್ಯನ ಜೊತೆಗೆ ಯಂತ್ರವೂ ಕಾವಲಿರುತ್ತದೆ. ದೃಷ್ಟಿ ಪರದೆಯಿಂದ ಹೊರಗೆ ಹರಿದರೆ, ಎರಡನೆಯ ಮುಖ ಕಾಣಿಸಿದರೆ, ಅಪರಿಚಿತ ದನಿ ಕೇಳಿಸಿದರೆ ಅದು ಗುರುತು ಹಾಕುತ್ತದೆ. ಎಲ್ಲವೂ ಮುದ್ರಿತವಾಗುತ್ತದೆ.

ಪರೀಕ್ಷೆಗೆ ಅರ್ಧ ಗಂಟೆ ಮೊದಲೇ ಸಿದ್ಧತೆ ಆರಂಭ. ಅಭ್ಯರ್ಥಿಯು ತನ್ನ ಮುಖದ ಚಿತ್ರ, ಗುರುತಿನ ಚೀಟಿಯ ಚಿತ್ರ ಮತ್ತು ಕೋಣೆಯ ನಾಲ್ಕು ದಿಕ್ಕಿನ ಚಿತ್ರಗಳನ್ನು ಕಳುಹಿಸಬೇಕು. ಮೇಜಿನ ಮೇಲೆ ಪುಸ್ತಕ, ಹಾಳೆ, ಪೆನ್ನು, ಗಡಿಯಾರ ಯಾವುದೂ ಇರಕೂಡದು. ಮೊಬೈಲು ಕೈಗೆ ಎಟುಕಬಾರದು. ಎರಡನೆಯ ಪರದೆಯಿದ್ದರೆ ಅದರ ತಂತಿ ಕೀಳಬೇಕು. ಪರೀಕ್ಷೆ ತೆರೆದೊಡನೆ ಗಣಕಯಂತ್ರದ ಉಳಿದೆಲ್ಲ ಕೆಲಸಗಳು ಸ್ತಬ್ಧವಾಗುತ್ತವೆ. ಬಳಿಕ ಆಸನ ಬಿಟ್ಟು ಏಳುವಂತಿಲ್ಲ, ಮುಖ ಕ್ಯಾಮೆರಾದ ಚೌಕಟ್ಟಿನಿಂದ ಸರಿಯುವಂತಿಲ್ಲ. ಎಲ್ಲಕ್ಕೂ ಮಿಗಿಲಾಗಿ, ಕೋಣೆಯೊಳಗೆ ಬೇರೊಬ್ಬರು ಕಾಲಿಡುವಂತಿಲ್ಲ. ಕಾಲಿಟ್ಟವರು ಉತ್ತರ ಹೇಳಿಕೊಡಲು ಬಂದರೋ ಪ್ರಸಾದ ಕೊಡಲು ಬಂದರೋ ಎಂಬುದನ್ನು ದೂರದಲ್ಲಿರುವವನು ಹೇಗೆ ತಿಳಿದಾನು? ಅವನಿಗೆ ನಮ್ಮ ಪರಿಚಯವಿಲ್ಲ. ನಿಯಮದ ಮೂಲವೇ ಈ ಅಪರಿಚಯ. ಹೀಗೆ ವಿಚಾರಿಸಿದಾಗ ಆ ಮೇಲ್ವಿಚಾರಕನ ಮೇಲಿದ್ದ ನಮ್ಮ ಸಿಟ್ಟು ಇಳಿಯಿತು.

ನಮ್ಮನ್ನು ಬಹುವಾಗಿ ಚಿಂತಿಸುವಂತೆ ಮಾಡಿದ ನಿಯಮ ಇನ್ನೊಂದಿದೆ. ಪ್ರಶ್ನೆಯನ್ನು ಗಟ್ಟಿಯಾಗಿ ಓದಿಕೊಳ್ಳುವಂತಿಲ್ಲ, ತುಟಿಯನ್ನೂ ಅಲುಗಿಸಬಾರದು. ನಾವು ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನು ಕಲಿತದ್ದು ಬಾಯಿಂದಲೇ. ಬೆಳಗಿನ ನಾಲ್ಕು ಗಂಟೆಗೆ ಎದ್ದು ದನಿಯೆತ್ತಿ ಹೇಳಿಕೊಂಡದ್ದನ್ನು ಸಂಜೆ ಗುರುಗಳ ಎದುರು ಒಪ್ಪಿಸಬೇಕಾಗಿತ್ತು. ತಪ್ಪಿದರೆ ಅವರ ಹುಬ್ಬು ಮೇಲೇರುತ್ತಿತ್ತು. ಸರಿಯಾದರೆ ಕಣ್ಣಲ್ಲಿ ನಗು. ಪರೀಕ್ಷಕನು ಶಿಷ್ಯನ ಕುಲ, ಊರು, ಹಸಿವು ಎಲ್ಲವನ್ನೂ ಬಲ್ಲವನಾಗಿದ್ದ. ಬಾಯಿಪಾಠದ ರೂಢಿಯಲ್ಲಿ ಬೆಳೆದ ಮನೆಗಳ ಮಕ್ಕಳು ಅರಿವಿಲ್ಲದೆಯೇ ತುಟಿ ಅಲುಗಿಸಿ ಓದುತ್ತಾರೆ. ಈ ಪರೀಕ್ಷೆಯಲ್ಲಿ ಅದು ಸಂಶಯಕ್ಕೆ ಎಡೆಗೊಡುವ ಚೇಷ್ಟೆ. ಆದ್ದರಿಂದ ಮೌನವಾಗಿ ಓದಿ ಉತ್ತರಿಸುವುದನ್ನೂ ಮುಂಚಿತವಾಗಿ ಅಭ್ಯಾಸ ಮಾಡಿಸಬೇಕು.

ಬೆಂಗಳೂರಿನ ಒಂದು ಪ್ರಸಂಗ

ಈ ಪದ್ಧತಿ ಅಮೆರಿಕದಲ್ಲಿ ಮೊದಲೇ ಇತ್ತು. ಆದರೆ ಲೋಕವ್ಯಾಪಿಯಾದದ್ದು 2020ರ ಕೊರೋನಾ ಕಾಲದಲ್ಲಿ. ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಪರೀಕ್ಷೆಯೇ ಮನೆಗೆ ಬಂದಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಭಾರತೀಯ ಕಂಪನಿ ಕಾರ್ಯದರ್ಶಿಗಳ ಸಂಸ್ಥೆಯು ತನ್ನ ಪ್ರವೇಶ ಪರೀಕ್ಷೆಯನ್ನು ಈ ರೀತಿ ಮನೆಯಿಂದಲೇ ಬರೆಯಿಸಿತು.

ಅದರ ಬೆನ್ನಿಗೇ ನಮ್ಮ ರಾಜ್ಯದಲ್ಲಿ ನಡೆದ ಪ್ರಸಂಗವೊಂದು ಎಲ್ಲರೂ ತಿಳಿದಿರಬೇಕಾದದ್ದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು ದೇಶದ ಬಹುತೇಕ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸಮಾನವಾಗಿದ್ದ ಕ್ಲಾಟ್ ಪರೀಕ್ಷೆಯು ಪದೇಪದೇ ಮುಂದೂಡಲ್ಪಟ್ಟ ಕಾರಣ, ಎನ್‌ಲ್ಯಾಟ್ ಎಂಬ ಪ್ರತ್ಯೇಕ ಪರೀಕ್ಷೆಯನ್ನು ಸೆಪ್ಟೆಂಬರ್ ಆರಂಭದಲ್ಲಿ ಪ್ರಕಟಿಸಿ, ಸೆಪ್ಟೆಂಬರ್ 12ರಂದು ಮನೆಯಿಂದಲೇ ಬರೆಯುವಂತೆ ನಡೆಸಿತು. ಪ್ರಕಟಣೆಗೂ ಪರೀಕ್ಷೆಗೂ ನಡುವೆ ಕೆಲವೇ ದಿನಗಳ ಅಂತರ. ತಾಂತ್ರಿಕ ತೊಂದರೆಗೆ ಸಿಕ್ಕಿದವರಿಗಾಗಿ ಸೆಪ್ಟೆಂಬರ್ 14ರಂದು ಮತ್ತೊಮ್ಮೆ ನಡೆಸಬೇಕಾಯಿತು. ವಿಷಯ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಸೆಪ್ಟೆಂಬರ್ 21ರಂದು ನ್ಯಾಯಾಲಯವು ಆ ಪರೀಕ್ಷೆಯ ಪ್ರಕಟಣೆಯನ್ನು ರದ್ದುಗೊಳಿಸಿತು. ಮನೆಯಿಂದ ನಡೆಸಿದ ಆ ಪರೀಕ್ಷೆ ಪಾರದರ್ಶಕತೆಯನ್ನೂ ಪ್ರಾಮಾಣಿಕತೆಯನ್ನೂ ಕಾಯ್ದುಕೊಳ್ಳಲು ಸಮರ್ಥವಾಗಿರಲಿಲ್ಲವೆಂದೂ, ಅಲ್ಪಾವಧಿಯ ಸೂಚನೆ ಮತ್ತು ತಾಂತ್ರಿಕ ಷರತ್ತುಗಳಿಂದ ಬಹು ಜನ ವಿದ್ಯಾರ್ಥಿಗಳು ಅವಕಾಶವಂಚಿತರಾದರೆಂದೂ ಅಭಿಪ್ರಾಯಪಟ್ಟಿತು. ಸೆಪ್ಟೆಂಬರ್ 28ರಂದು ಕ್ಲಾಟ್ ಪರೀಕ್ಷೆ ಕೇಂದ್ರಗಳಲ್ಲಿಯೇ ನಡೆಯಿತು.

ಹಾಗೆಂದು ಈ ಪದ್ಧತಿ ನಿಂತುಹೋಗಲಿಲ್ಲ. ಉದ್ಯೋಗಕ್ಕೆ ಬೇಕಾದ ಪ್ರಮಾಣಪತ್ರಗಳ ಪರೀಕ್ಷೆಗಳಲ್ಲಿ ಅದು ಬೇರೂರಿದೆ. ಅದರ ಉಪಕಾರವನ್ನೂ ಅಲ್ಲಗಳೆಯಲಾಗದು. ಪರೀಕ್ಷೆಗಾಗಿ ಪರಸ್ಥಳಕ್ಕೆ ಹೋಗಿ ಲಾಡ್ಜಿನಲ್ಲಿ ಉಳಿಯುವ ಖರ್ಚು ತಪ್ಪಿತು. ಚಿಕ್ಕ ಮಗುವಿನ ತಾಯಿ, ನಡೆಯಲು ಕಷ್ಟಪಡುವ ಅಂಗವಿಕಲ ತರುಣ ಇವರೆಲ್ಲರಿಗೂ ಬಾಗಿಲು ತೆರೆಯಿತು. ಆದರೆ ನ್ಯಾಯಾಲಯ ಎತ್ತಿ ತೋರಿದ ಎರಡು ಮಾತುಗಳು ಇಂದಿಗೂ ನಮ್ಮೆದುರಿಗಿವೆ. ಯಾರ ಮನೆಯಲ್ಲಿ ನಿಶ್ಶಬ್ದವಾದ ಪ್ರತ್ಯೇಕ ಕೋಣೆ, ಒಳ್ಳೆಯ ಗಣಕಯಂತ್ರ, ಕಡಿಯದ ಇಂಟರ್ನೆಟ್ ಇವೆಯೋ ಅವರಿಗೆ ಇದು ಸುಲಭ. ಖಾನಾಪುರ ತಾಲ್ಲೂಕಿನ ಕಣಕುಂಬಿ, ಜಾಂಬೋಟಿ ಕಡೆಯ ಕಾಡಂಚಿನ ಮನೆಗೆ, ಒಂದೇ ಪಡಸಾಲೆಯಲ್ಲಿ ಆರು ಜನ ಬಾಳುವ ಮನೆಗೆ, ಕೆಳಗೆ ಸುತ್ತಿಗೆ ಬಡಿಯುವ ಆಟೋ ನಗರದ ಮನೆಗೆ ಅದು ಸುಲಭವಲ್ಲ. ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ. ಪರೀಕ್ಷಾ ಮಂದಿರ ಮಾತ್ರ ಅವರವರ ಬಡತನ ಸಿರಿತನದಂತೆ.

ಕೊರಳ ಕರಡಿಗೆ, ಕೋಣೆಯ ಮಾನ

ಸಮಾಜ ಬಾಂಧವರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದುಂಟು. ಪರೀಕ್ಷೆಗೆ ಮೊದಲು ಮೈಮೇಲಿನ ಒಡವೆಗಳನ್ನೂ ಕ್ಯಾಮೆರಾಕ್ಕೆ ತೋರಿಸಬೇಕಾಗುತ್ತದೆ; ಕೆಲವನ್ನು ತೆಗೆದಿಡಲು ಹೇಳುತ್ತಾರೆ. ನಮ್ಮ ಹುಡುಗಿಯ ಕೊರಳಲ್ಲಿದ್ದ ಶಿವದಾರ ಮತ್ತು ಬೆಳ್ಳಿಯ ಕರಡಿಗೆಯನ್ನು ಕಂಡು ಮೇಲ್ವಿಚಾರಕ ಅದೇನೆಂದು ಕೇಳಿದನಂತೆ. ಅದು ತನ್ನ ಧರ್ಮದ ಲಾಂಛನವೆಂದೂ ದೇಹದಿಂದ ಅಗಲಿಸುವಂಥದಲ್ಲವೆಂದೂ ಆಕೆ ಬರೆದು ತಿಳಿಸಿ, ಹತ್ತಿರದಿಂದ ತೋರಿಸಿದಳು. ಆತ ಒಪ್ಪಿದನು. ಎಲ್ಲರೂ ಒಪ್ಪುವರೆಂಬ ಭರವಸೆ ಇಲ್ಲ. 2025ರ ಏಪ್ರಿಲ್ ತಿಂಗಳಿನಲ್ಲಿ ನಡೆದ ಸಿಇಟಿ ಪರೀಕ್ಷೆಯಲ್ಲಿ, ಬೀದರದ ಕೇಂದ್ರವೊಂದರಲ್ಲಿ ಜನಿವಾರ ತೆಗೆಯಲು ಒಪ್ಪದ ವಿದ್ಯಾರ್ಥಿಗೆ ಗಣಿತದ ಪರೀಕ್ಷೆ ತಪ್ಪಿಹೋದದ್ದು ನಾಡಿಗೆಲ್ಲ ತಿಳಿದಿದೆ. ಮೇಲ್ವಿಚಾರಕರು ಎದುರಿಗೇ ಇದ್ದಾಗ ಹೀಗಾದರೆ, ಕರಡಿಗೆಯನ್ನು ಎಂದೂ ಕಾಣದ ಪರದೇಶದವನಿಗೆ ಅದು ಸಣ್ಣ ಯಂತ್ರದ ಡಬ್ಬಿಯಂತೆ ಕಂಡರೆ ಆಶ್ಚರ್ಯವೇನು? ಆದ್ದರಿಂದ ಅರ್ಜಿ ಹಾಕುವಾಗಲೇ ಪರೀಕ್ಷೆ ನಡೆಸುವವರಿಗೆ ಪತ್ರ ಬರೆದು ಲಿಖಿತ ಅನುಮತಿ ಪಡೆಯುವುದು ವಿವೇಕ. ಪರೀಕ್ಷೆಯ ಗಳಿಗೆಯಲ್ಲಿ ವಾದಿಸುವುದಕ್ಕಿಂತ ಮುಂಚಿನ ಒಂದು ಪತ್ರ ಮೇಲು.

ಎರಡನೆಯದು ಹೆಸರಿನ ತೊಡಕು. ಅರ್ಜಿಯ ಹೆಸರೂ ಗುರುತಿನ ಚೀಟಿಯ ಹೆಸರೂ ಅಕ್ಷರಶಃ ಒಂದೇ ಆಗಿರಬೇಕು. ನಮ್ಮಲ್ಲಾದರೋ ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು ನಡುವೆ, ಅಡ್ಡಹೆಸರು ಕೊನೆಗೆ. ಪ್ಯಾನ್ ಕಾರ್ಡಿನಲ್ಲಿ ಬೇರೆ ಕ್ರಮ. ಮದುವೆಯಾದ ಹೆಣ್ಣುಮಕ್ಕಳಿಗೆ ಹೆಸರೇ ಬೇರೆ. ಹೆಸರು ಹೊಂದದಿದ್ದರೆ ಪರೀಕ್ಷೆ ಆರಂಭವಾಗುವುದಕ್ಕೂ ಮುನ್ನವೇ ಮುಗಿದಂತೆ.

ಮೂರನೆಯದು ಮನೆಯ ಮಾನ. “ಹೆಣ್ಣುಮಗಳು ಮಲಗುವ ಖೋಲಿ ಯಾರೋ ನೋಡೂದಂದ್ರ ಹೆಂಗ್ರಿ?” ಎಂದು ಆಕೆಯ ಅಜ್ಜಿ ಕೇಳಿದ ಪ್ರಶ್ನೆಯನ್ನು ಹಳೆಯ ಕಾಲದವರ ಮಾತೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಇದೇ ಪ್ರಶ್ನೆಯನ್ನು ನ್ಯಾಯಾಲಯದಲ್ಲಿ ಎತ್ತಿದನು. ಪರೀಕ್ಷೆಗೆ ಮುನ್ನ ವಿದ್ಯಾರ್ಥಿಯ ಮಲಗುವ ಕೋಣೆಯನ್ನು ಕ್ಯಾಮೆರಾದಿಂದ ಶೋಧಿಸಿದ್ದು ಅಲ್ಲಿಯ ಸಂವಿಧಾನಕ್ಕೆ ವಿರುದ್ಧವೆಂದು 2022ರ ಆಗಸ್ಟ್ ತಿಂಗಳಲ್ಲಿ ಅಲ್ಲಿಯ ಫೆಡರಲ್ ನ್ಯಾಯಾಧೀಶರು ತೀರ್ಪಿತ್ತರು. ನಮ್ಮ ದೇಶದಲ್ಲಿಯೂ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಕಾನೂನಿನ ಮಾತು ಹಾಗಿರಲಿ. ಮನೆಯವರು ಮಾಡಬಹುದಾದದ್ದು ಸರಳವಾಗಿದೆ. ಪರೀಕ್ಷೆಗೆ ಆರಿಸಿದ ಕೋಣೆಯಿಂದ ಬಟ್ಟೆಬರೆ, ಕಾಗದಪತ್ರ, ಬ್ಯಾಂಕಿನ ಪುಸ್ತಕ, ಮನೆಯವರ ಭಾವಚಿತ್ರಗಳನ್ನು ಹಿಂದಿನ ದಿನವೇ ತೆಗೆದಿಟ್ಟು, ಬರಿಯ ಗೋಡೆ ಮೇಜುಗಳಷ್ಟೇ ಕಾಣುವಂತೆ ಮಾಡಬೇಕು.

ಕ್ಯಾಮೆರಾ ಕಾಣದ ಕಡೆ

ಪರೀಕ್ಷೆ ಕೆಟ್ಟ ಸುದ್ದಿ ತಿಳಿದು ಸಮಾಧಾನ ಹೇಳಲು ಬಂದ ಬಂಧುವೊಬ್ಬರು ದನಿ ತಗ್ಗಿಸಿ ಒಂದು ಉಪಾಯ ಹೇಳಿದರು. ರೊಕ್ಕ ಕೊಟ್ಟರೆ ಅಭ್ಯರ್ಥಿಯ ಬದಲು ಬೇರೆಯವರೇ ಉತ್ತರಿಸಿ ಕೊಡುತ್ತಾರಂತೆ; ಕ್ಯಾಮೆರಾಕ್ಕೆ ತಿಳಿಯದಂತೆ ಮಾಡುವ ಯುಕ್ತಿಗಳಿವೆಯಂತೆ. ಹುಡುಗಿ ತಲೆ ಎತ್ತಿ, “ಪರೀಕ್ಷಾ ಅವರು ಬರದ್ರ, ನಾಳಿಗಿ ಕೆಲಸ ನಾನ ಮಾಡಬೇಕಲ್ರಿ ಕಾಕಾ” ಎಂದಳು. ಬಂದವರು ಮತ್ತೆ ಮಾತಾಡಲಿಲ್ಲ. ಕಾಯಕದ ಬಗೆಗೆ ನಾವು ವೇದಿಕೆಗಳ ಮೇಲೆ ಗಂಟೆಗಟ್ಟಲೆ ಮಾತಾಡಿದ್ದೇವೆ. ಆ ಹುಡುಗಿ ಒಂದೇ ಮಾತಿನಲ್ಲಿ ಅದನ್ನು ಹೇಳಿ ಮುಗಿಸಿದಳು.

ಇಲ್ಲಿಯೇ ಈ ಪರೀಕ್ಷೆಯ ತಿರುಳಿದೆ ಎಂಬುದು ನಮ್ಮ ಭಾವನೆ. ಪರೀಕ್ಷಾ ಕೇಂದ್ರದಲ್ಲಿ ಪ್ರಾಮಾಣಿಕತೆಯನ್ನು ಕಾಯುವವರು ಸರಕಾರದವರು, ಸಂಸ್ಥೆಯವರು. ಮನೆಯಲ್ಲಿ ಬರೆಯುವ ಪರೀಕ್ಷೆಯಲ್ಲಿ ಅದನ್ನು ಕಾಯುವವರು ತಂದೆ, ತಾಯಿ, ಅಣ್ಣ, ತಮ್ಮ. ಕ್ಯಾಮೆರಾ ಕಾಣುವುದು ಒಂದೇ ಮುಖವನ್ನು. ಅದರ ಬೆನ್ನ ಹಿಂದೆ ನಿಂತು ಸನ್ನೆ ಮಾಡುವ ಅಣ್ಣನನ್ನು ಅದು ಕಾಣದೆ ಹೋಗಬಹುದು; ಮನೆಯವರು ಕಾಣುತ್ತಾರೆ. ಮಗನಿಗೋ ಮಗಳಿಗೋ ಕೆಲಸ ಸಿಗಲಿ ಎಂಬ ಮಮತೆಯಿಂದ ಅದನ್ನು ಕಂಡೂ ಕಾಣದಂತಿದ್ದರೆ ಆ ಮನೆ ಒಟ್ಟಾಗಿ ಸುಳ್ಳು ಹೇಳಿದಂತೆ. ಆ ಸುಳ್ಳಿನಿಂದ ಬಂದ ಸಂಬಳದ ಅನ್ನವನ್ನು ಎಲ್ಲರೂ ಉಣ್ಣಬೇಕಾಗುತ್ತದೆ. ಆದುದರಿಂದ ಇದು ಒಬ್ಬ ಅಭ್ಯರ್ಥಿಯ ಪರೀಕ್ಷೆಯಲ್ಲ, ಇಡಿಯ ಮನೆಯ ಪರೀಕ್ಷೆ.

ಹಾಗೆಂದೇ ಎರಡನೆಯ ಸಲ ಇಡಿಯ ಮನೆಯೇ ಸಿದ್ಧವಾಯಿತು. ಹಗಲಿರುಳಿನ ಯಾವ ಹೊತ್ತನ್ನಾದರೂ ಆರಿಸಿಕೊಳ್ಳಲು ಅವಕಾಶವಿದ್ದುದರಿಂದ ಹುಡುಗಿ ಭಾನುವಾರ ಬೆಳಗಿನ ಐದೂವರೆಯನ್ನು ಆರಿಸಿದಳು. ಸುತ್ತಿಗೆಗಳು ಏಳದ ಹೊತ್ತು ಅದು. ಆಕೆಯ ತಂದೆ ಹಿಂದಿನ ದಿನ ಲಾರಿಯ ಬ್ಯಾಟರಿ ತಂದು ಇನ್ವರ್ಟರಿಗೆ ಜೋಡಿಸಿ, ಕರೆಂಟು ಹೋದರೂ ಇಂಟರ್ನೆಟ್ಟಿನ ಡಬ್ಬಿ ಆರದಂತೆ ಮಾಡಿದನು. ತಾಯಿ ಬಾಗಿಲಿನ ಗಂಟೆಯ ತಂತಿ ಬಿಚ್ಚಿದಳು. ಹಾಲಿನವನಿಗೆ ತಡವಾಗಿ ಬರಲು ಹೇಳಿಯಾಗಿತ್ತು. ತಮ್ಮನು ಕೆಳಗಿನ ಮೆಟ್ಟಿಲ ಬಳಿ ಕುಳಿತನು. ಮುಖದ ಮೇಲೆ ನೆರಳು ಬೀಳದಂತೆ ದೀಪವನ್ನು ಎದುರಿಗಿಟ್ಟು, ಅದೇ ಗಣಕಯಂತ್ರ, ಅದೇ ಕೋಣೆ, ಅದೇ ಇಂಟರ್ನೆಟ್ಟಿನಿಂದ ಹಿಂದಿನ ದಿನವೇ ಪೂರ್ವಪರೀಕ್ಷೆ ಮಾಡಿ ನೋಡಲಾಗಿತ್ತು. ನಾವು ಕೋಣೆಯ ಬಾಗಿಲ ಹೊರಗೆ ಚಾಪೆ ಹಾಸಿಕೊಂಡು ಕುಳಿತೆವು. ಆ ಎರಡು ತಾಸು ನಮ್ಮ ಜಪವೂ ಮೌನದಲ್ಲಿಯೇ ನಡೆಯಿತು.

ಎಂಟಕ್ಕೆ ಸ್ವಲ್ಪ ಮೊದಲು ಬಾಗಿಲು ಒಳಗಿನಿಂದ ತೆರೆಯಿತು. ಆಕೆ ಏನೂ ಹೇಳದೆ ನಮ್ಮ ಪಾದ ಮುಟ್ಟಿದಳು. ಉತ್ತೀರ್ಣಳೆಂದು ಪರದೆಯ ಮೇಲೆಯೇ ತಿಳಿದಿತ್ತು. ಪ್ರಸಾದದ ತಟ್ಟೆ ಆಗ ಹೊಸ್ತಿಲು ದಾಟಿತು.

ನಮ್ಮ ಸಮಾಜದ ಕರ್ತವ್ಯ

ಈಗ ಸಮಾಜದ ಹಿರಿಯರಲ್ಲಿ ನಮ್ಮದೊಂದು ಬಿನ್ನಹ. ಹಿಂದೆ ಹಳ್ಳಿಯ ಬಡ ಹುಡುಗನಿಗೆ ಶಾಲೆಯಿತ್ತು, ಬುದ್ಧಿಯಿತ್ತು. ಪೇಟೆಯಲ್ಲಿ ಉಂಡು ಮಲಗಲು ಸ್ಥಳವಿರಲಿಲ್ಲ. ಆ ಕೊರತೆಯನ್ನು ಕಂಡು ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳು, ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು ಉಚಿತ ಪ್ರಸಾದ ನಿಲಯಗಳನ್ನು ಕಟ್ಟಿದರು. ಅಲ್ಲಿ ಉಂಡು ಓದಿದವರು ಈ ನಾಡನ್ನು ನಡೆಸಿದರು. ಇಂದಿನ ಹುಡುಗ ಹುಡುಗಿಯರಿಗೆ ಅನ್ನದ ಕೊರತೆ ಅಷ್ಟಿಲ್ಲ. ಎರಡು ತಾಸಿನ ಏಕಾಂತದ ಕೊರತೆ ಇದೆ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಒಂದು ಮೇಜು, ಆರದ ದೀಪ, ಕಡಿಯದ ಇಂಟರ್ನೆಟ್ ಇಷ್ಟೇ ಬೇಕಾದದ್ದು. ಹತ್ತು ಜನ ಕುಳಿತುಕೊಳ್ಳುವ ವಾಚನಾಲಯ ಇದಕ್ಕೆ ಒದಗದು. ಒಬ್ಬರಿಗೊಂದರಂತೆ ಮುಚ್ಚಿದ ಕೋಣೆಯೇ ಆಗಬೇಕು. ನಮ್ಮ ಮಠಗಳಲ್ಲಿ, ಸಮುದಾಯ ಭವನಗಳಲ್ಲಿ, ವಿದ್ಯಾರ್ಥಿ ನಿಲಯಗಳಲ್ಲಿ ಬೀಗ ಹಾಕಿರುವ ಕೋಣೆಗಳು ಎಷ್ಟಿಲ್ಲ? ಅವುಗಳಲ್ಲಿ ಒಂದನ್ನು ಈ ಕಾರ್ಯಕ್ಕೆ ಮೀಸಲಿಟ್ಟು, ಜಾತಿ ಮತ ಕೇಳದೆ ಬಂದವರಿಗೆ ಕೊಟ್ಟರೆ ಅದೂ ದಾಸೋಹವೇ.

ಆಟೋ ನಗರದ ಆ ಮನೆಯವರು ಸಮಾಜಕ್ಕಾಗಿ ಕಾಯಲಿಲ್ಲ. ಮುಂದಿನ ತಿಂಗಳು ಖಾನಾಪುರ ಕಡೆಯ ಹಳ್ಳಿಯಿಂದ ನಮ್ಮ ಹುಡುಗಿಯ ಗೆಳತಿಯೊಬ್ಬಳು ಇಂಥದೇ ಪರೀಕ್ಷೆಗೆಂದು ಅದೇ ಕೋಣೆಗೆ ಬರಲಿದ್ದಾಳೆ. ಅವಳ ಮನೆಯಲ್ಲಿ ಮೊಬೈಲಿನ ಸಿಗ್ನಲ್ ಸಿಗುವುದು ಹಿತ್ತಲಿನ ಹಲಸಿನ ಮರದ ಕೆಳಗೆ ಮಾತ್ರವಂತೆ. “ಅಜ್ಜಾರ, ಆವತ್ತೂ ನೀವ ಬಾಗಲಾ ಕಾಯಬೇಕ್ರಿ” ಎಂದು ನಮಗೆ ಕರೆ ಬಂದಿದೆ. ಒಪ್ಪಿದ್ದೇವೆ. ಚಾಪೆಯನ್ನು ಅಲ್ಲಿಯೇ ಇಟ್ಟು ಬಂದಿದ್ದೇವೆ.